ಅವಧಿ ತೀರಿದ ರೇಡಿಯೋ ಲೈಸೆನ್ಸಿಗೆ ಸಾಕ್ಷ್ಯವೆಲ್ಲಿ?

ಕಲಿತ ವಿದ್ಯೆಗೆ ಅವಧಿಯುಂಟೆ? ಬಾಲ್ಯದಲ್ಲಿ ಈಜು ಕಲಿತವನು ಹತ್ತಾರು ವರ್ಷ ನೀರಿಗೆ ಇಳಿಯದಿದ್ದರೂ ಮತ್ತೆ ಇಳಿದಾಗ ಮುಳುಗುವುದಿಲ್ಲ. ಆದರೆ ವಿದ್ಯೆಯನ್ನು ಪರೀಕ್ಷಿಸಿ ಸರ್ಕಾರವು ಕೊಡುವ ಪತ್ರಕ್ಕೆ ಅವಧಿಯುಂಟು. ಅವಧಿ ತೀರಿದ ಪತ್ರವನ್ನು ಕಸವೆಂದೆಣಿಸುವವರೇ ಹೆಚ್ಚು. ಮನೆ ಬದಲಾಯಿಸುವಾಗ ಅದು ರದ್ದಿಯೊಡನೆ ಹೋಗುತ್ತದೆ; ಇಲ್ಲವೆ ಗೆದ್ದಲಿಗೆ ಆಹಾರವಾಗುತ್ತದೆ. ಐವತ್ತು ಅರವತ್ತು ವರ್ಷಗಳ ಮೇಲೆ ಅದೇ ಪತ್ರವು ಬೇಕಾಯಿತೆಂದು ಭಾವಿಸೋಣ. “ನಾನು ಆ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದೆ” ಎಂದು ಹೇಳುವ ವೃದ್ಧರ ಮಾತನ್ನು ಪರೀಕ್ಷಕರು ಯಾವ ಆಧಾರದ ಮೇಲೆ ನಂಬಬೇಕು?

ಅಮೆರಿಕ ಸಂಯುಕ್ತ ಸಂಸ್ಥಾನಗಳ ಹವ್ಯಾಸಿ ರೇಡಿಯೋ ಕ್ಷೇತ್ರದಲ್ಲಿ ಈ ಪ್ರಶ್ನೆಯು ೨೦೧೪ರಿಂದ ಈಚೆಗೆ ನಿಜವಾಗಿಯೇ ಎದ್ದು ನಿಂತಿದೆ. ಎಂದೋ ಅವಧಿ ತೀರಿದ ಲೈಸೆನ್ಸಿಗೂ ಅಲ್ಲಿ ಈಗ ಬೆಲೆಯುಂಟು. ಆದರೆ ಅದು ಒಮ್ಮೆ ಇತ್ತೆಂಬುದನ್ನು ತೋರಿಸಬೇಕು. ಅದನ್ನು ತೋರಿಸುವ ಬಗೆ ಹೇಗೆ? ಈ ಲೇಖನದಲ್ಲಿ ನಾವು ಅದನ್ನೇ ವಿಚಾರಿಸುವೆವು. ವಿಷಯವು ಚಿಕ್ಕದೆಂದು ತೋರಬಹುದು. ಆದರೆ ಸಾಕ್ಷ್ಯವೆಂದರೇನು, ಸುಳಿವೆಂದರೇನು, ಒಂದು ದಾಖಲೆಯಿಂದ ಎಷ್ಟನ್ನು ಊಹಿಸಬಹುದು, ಎಷ್ಟನ್ನು ಊಹಿಸಬಾರದು ಎಂಬ ಪಾಠವು ಇದರಲ್ಲಿ ಅಡಗಿದೆ. ವಿಜ್ಞಾನದ ವಿದ್ಯಾರ್ಥಿಗೆ ಆ ಪಾಠವು ಎಂದಿಗೂ ಅಗತ್ಯವಾದುದು.

ಲೈಸೆನ್ಸು ಏಕೆ ಬೇಕು?

ಹಣದ ಆಸೆಯಿಲ್ಲದೆ, ವಿದ್ಯೆಯ ಮೇಲಿನ ಅಕ್ಕರೆಯಿಂದ ಸ್ವಂತ ಪ್ರೇಷಕ ಯಂತ್ರವನ್ನು ಇಟ್ಟುಕೊಂಡು ದೂರದವರೊಡನೆ ಮಾತನಾಡುವವರಿಗೆ ಹವ್ಯಾಸಿ ರೇಡಿಯೋಗಾರರೆಂದು ಹೆಸರು. ಬಳಕೆಯ ಮಾತಿನಲ್ಲಿ ಅವರನ್ನು ‘ಹ್ಯಾಮ್’ ಎನ್ನುತ್ತಾರೆ. ರೇಡಿಯೋ ಗ್ರಾಹಕದ ಮುಂದೆ ಕುಳಿತು ಕೇಳುವವನು ಯಾರಿಗೂ ತೊಂದರೆಮಾಡಲಾರ. ಪ್ರೇಷಕದ ಮುಂದೆ ಕುಳಿತವನ ಸ್ಥಿತಿ ಹಾಗಲ್ಲ.

ಒಂದು ಲೆಕ್ಕವನ್ನು ನೋಡಿ. ರೇಡಿಯೋ ಅಲೆಯು ಸೆಕೆಂಡಿಗೆ ಸುಮಾರು ೩೦ ಕೋಟಿ ಮೀಟರ್ ಚಲಿಸುತ್ತದೆ. ಸೆಕೆಂಡಿಗೆ ೭೦ ಲಕ್ಷ ಸಲ, ಎಂದರೆ ೭ ಮೆಗಾಹರ್ಟ್ಸ್, ಕಂಪಿಸುವ ಅಲೆಯ ಉದ್ದವು ೩೦ ಕೋಟಿಯನ್ನು ೭೦ ಲಕ್ಷದಿಂದ ಭಾಗಿಸಿದಷ್ಟು. ಎಂದರೆ ಸುಮಾರು ೪೩ ಮೀಟರ್. ಆದುದರಿಂದಲೇ ೭ ಮೆಗಾಹರ್ಟ್ಸಿನ ಆಸುಪಾಸಿನ ಪಟ್ಟಿಗೆ ‘ನಲವತ್ತು ಮೀಟರ್ ಪಟ್ಟಿ’ ಎಂದು ರೂಢಿಯ ಹೆಸರು ಬಂದಿದೆ. ಅಮೆರಿಕದಲ್ಲಿ ಹವ್ಯಾಸಿಗಳಿಗೆ ಈ ಪಟ್ಟಿಯು ೭.೦ರಿಂದ ೭.೩ ಮೆಗಾಹರ್ಟ್ಸಿನವರೆಗೆ, ಎಂದರೆ ೩೦೦ ಕಿಲೋಹರ್ಟ್ಸಿನಷ್ಟು ಅಗಲವಾಗಿದೆ. ಏಕಪಾರ್ಶ್ವ ವಿಧಾನದಲ್ಲಿ ಒಂದು ಮಾತಿನ ಸಂಕೇತಕ್ಕೆ ಸುಮಾರು ೩ ಕಿಲೋಹರ್ಟ್ಸ್ ಬೇಕು. ಇಡೀ ಪಟ್ಟಿಯನ್ನು ಮಾತಿಗೇ ಮೀಸಲಿಟ್ಟರೂ ಏಕಕಾಲದಲ್ಲಿ ನೂರು ಸಂಭಾಷಣೆಗಳಿಗಿಂತ ಹೆಚ್ಚು ಹಿಡಿಯವು. ಅಲ್ಲದೆ ರಾತ್ರಿಯ ವೇಳೆ ಈ ಅಲೆಗಳು ಮೇಲಣ ವಾಯುಮಂಡಲದ ಅಯಾನುಗೋಳದಿಂದ ಹಿಂದಿರುಗಿ ಸಾವಿರಾರು ಕಿಲೋಮೀಟರ್ ದೂರದಲ್ಲಿ ನೆಲಕ್ಕೆ ಇಳಿಯುತ್ತವೆ. ಒಂದೂರಿನ ಕೆಟ್ಟ ಪ್ರೇಷಕವು ಸಮುದ್ರದಾಚೆಯ ಊರಿನವನ ಕಿವಿಗೆ ಕಂಟಕವಾಗಬಲ್ಲುದು.

ಕೆರೆಯ ನೀರು ಊರಿಗೆಲ್ಲ ಸೇರಿದ್ದರೆ, ತೂಬನ್ನು ಎತ್ತುವ ಕೆಲಸವನ್ನು ಬಲ್ಲವನಿಗೇ ಒಪ್ಪಿಸುವುದು ವಾಡಿಕೆ. ರೇಡಿಯೋ ಪಟ್ಟಿಯೂ ಅಂಥ ಸಾಮಾನ್ಯ ಸ್ವತ್ತು. ಆದುದರಿಂದ ಪ್ರೇಷಕವನ್ನು ನಡೆಸುವವನು ಮೊದಲು ಪರೀಕ್ಷೆ ಕೊಟ್ಟು ಲೈಸೆನ್ಸನ್ನು ಪಡೆಯಬೇಕೆಂಬ ನಿಯಮವು ಎಲ್ಲ ದೇಶಗಳಲ್ಲಿಯೂ ಬೇರೂರಿತು. ಅಮೆರಿಕದಲ್ಲಿ ೧೯೧೨ರ ರೇಡಿಯೋ ಕಾಯಿದೆಯಿಂದ ಇದು ಮೊದಲಾಯಿತು. ಆ ವರ್ಷ ಏಪ್ರಿಲ್‌ನಲ್ಲಿ ಟೈಟಾನಿಕ್ ಹಡಗು ಮುಳುಗಿದ ದುರಂತವು ಆ ಕಾಯಿದೆಯನ್ನು ತ್ವರೆಗೊಳಿಸಿತು. ಮೊದಲು ವಾಣಿಜ್ಯ ಇಲಾಖೆಯೂ, ೧೯೨೭ರಿಂದ ಫೆಡರಲ್ ರೇಡಿಯೋ ಆಯೋಗವೂ, ೧೯೩೪ರಿಂದ ಫೆಡರಲ್ ಸಂಪರ್ಕ ಆಯೋಗವೂ ಈ ಅಧಿಕಾರವನ್ನು ವಹಿಸಿಕೊಂಡವು. ಕೊನೆಯ ಈ ಸಂಸ್ಥೆಯನ್ನು ಮುಂದೆ ‘ಆಯೋಗ’ವೆಂದಷ್ಟೇ ಕರೆಯುವೆವು.

ವರ್ಗಗಳು ಮತ್ತು ಪರೀಕ್ಷೆಗಳು

೧೯೫೧ರಲ್ಲಿ ಆಯೋಗವು ಹವ್ಯಾಸಿ ಲೈಸೆನ್ಸುಗಳನ್ನು ಆರು ವರ್ಗಗಳಾಗಿ ವಿಂಗಡಿಸಿತು: ನೊವಿಸ್, ಟೆಕ್ನಿಷಿಯನ್, ಕಂಡಿಷನಲ್, ಜನರಲ್, ಅಡ್ವಾನ್ಸ್ಡ್ ಮತ್ತು ಎಕ್ಸ್‌ಟ್ರಾ. ನೊವಿಸ್ ವರ್ಗವು ಹೊಸಬರದು. ಆರಂಭದಲ್ಲಿ ಅದರ ಅವಧಿ ಒಂದೇ ವರ್ಷ; ಅದನ್ನು ನವೀಕರಿಸುವಂತಿರಲಿಲ್ಲ. ಆ ಒಂದು ವರ್ಷದೊಳಗೆ ಮೇಲಿನ ವರ್ಗಕ್ಕೆ ಏರಬೇಕು, ಇಲ್ಲವೆ ಸುಮ್ಮನಿರಬೇಕು. ಜನರಲ್ ವರ್ಗಕ್ಕೆ ನಿಮಿಷಕ್ಕೆ ೧೩ ಶಬ್ದಗಳ ವೇಗದಲ್ಲಿ ಮಾರ್ಸ್ ಸಂಕೇತವನ್ನು ಗ್ರಹಿಸುವ ಸಾಮರ್ಥ್ಯವೂ, ಒಂದು ಲಿಖಿತ ಪರೀಕ್ಷೆಯೂ ಬೇಕಾಗಿದ್ದುವು. ಪರೀಕ್ಷೆಯ ಕೇಂದ್ರದಿಂದ ಬಹುದೂರ ವಾಸಿಸುವವರು ಅಂಥದೇ ಪರೀಕ್ಷೆಯನ್ನು ತಮ್ಮ ಊರಿನಲ್ಲೇ ಬರೆದು ಕಂಡಿಷನಲ್ ವರ್ಗವನ್ನು ಪಡೆಯುತ್ತಿದ್ದರು. ಎಕ್ಸ್‌ಟ್ರಾ ವರ್ಗಕ್ಕೆ ನಿಮಿಷಕ್ಕೆ ೨೦ ಶಬ್ದಗಳ ವೇಗವು ಅಗತ್ಯವಾಗಿತ್ತು.

ಇಲ್ಲಿ ಟೆಕ್ನಿಷಿಯನ್ ವರ್ಗವನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಆ ವರ್ಗದವರಿಗೆ ಮಾರ್ಸ್ ವೇಗವು ನಿಮಿಷಕ್ಕೆ ೫ ಶಬ್ದಗಳಾದರೆ ಸಾಕಾಗಿತ್ತು. ಆದರೆ ಅವರು ಬರೆಯುತ್ತಿದ್ದ ಲಿಖಿತ ಪರೀಕ್ಷೆಯು ಜನರಲ್ ವರ್ಗದವರದೇ. ಅದಕ್ಕೆ ನಿಯಮಗಳಲ್ಲಿ ‘ಮೂರನೆಯ ಘಟಕ’ವೆಂದು ಹೆಸರು. ಎಂದರೆ, ಆ ಕಾಲದ ಟೆಕ್ನಿಷಿಯನ್ನನಿಗೂ ಜನರಲ್ ವರ್ಗದವನಿಗೂ ಇದ್ದ ಭೇದವು ಕಿವಿಯ ವೇಗದ್ದು, ವಿದ್ಯುತ್ತಿನ ತಿಳಿವಳಿಕೆಯದಲ್ಲ.

೧೯೮೭ರ ಮಾರ್ಚಿ ೨೧ರಂದು ಈ ಮೂರನೆಯ ಘಟಕವನ್ನು ಎರಡಾಗಿ ಸೀಳಲಾಯಿತು. ಸುಲಭವಾದ ಮೊದಲ ಭಾಗವು ಟೆಕ್ನಿಷಿಯನ್ನರಿಗೆ ಸಾಕಾಯಿತು. ಜನರಲ್ ವರ್ಗಕ್ಕೆ ಎರಡೂ ಬೇಕಾದುವು. ಹೀಗಾಗಿ ಆ ದಿನಕ್ಕೆ ಮುಂಚಿನ ಟೆಕ್ನಿಷಿಯನ್ ಬೇರೆ, ಆಮೇಲಿನ ಟೆಕ್ನಿಷಿಯನ್ ಬೇರೆ. ಹೆಸರು ಒಂದೇ ಆದರೂ ಅದರ ಹಿಂದಿನ ಪರೀಕ್ಷೆ ಒಂದೇ ಅಲ್ಲ.

ಮುಂದೆ ಮಾರ್ಸ್ ಸಂಕೇತದ ಪ್ರಾಮುಖ್ಯವು ಇಳಿಯುತ್ತ ಬಂದಿತು. ೨೦೦೦ದ ಏಪ್ರಿಲ್ ೧೫ರಂದು ಜನರಲ್ ಮತ್ತು ಎಕ್ಸ್‌ಟ್ರಾ ವರ್ಗಗಳಿಗೂ ನಿಮಿಷಕ್ಕೆ ೫ ಶಬ್ದಗಳ ವೇಗವೇ ಸಾಕೆಂದಾಯಿತು. ೨೦೦೭ರ ಫೆಬ್ರವರಿ ೨೩ರಿಂದ ಮಾರ್ಸ್ ಪರೀಕ್ಷೆಯೇ ಇಲ್ಲವಾಯಿತು. ಈಗ ಹೊಸದಾಗಿ ಕೊಡುವ ವರ್ಗಗಳು ಮೂರು. ಟೆಕ್ನಿಷಿಯನ್ ವರ್ಗಕ್ಕೆ ಎರಡನೆಯ ಘಟಕದಲ್ಲಿ ೩೫ ಪ್ರಶ್ನೆಗಳ ಪೈಕಿ ೨೬ಕ್ಕೆ ಸರಿಯುತ್ತರ ಬೇಕು. ಜನರಲ್ ವರ್ಗಕ್ಕೆ ಮೂರನೆಯ ಘಟಕದಲ್ಲಿಯೂ ೩೫ಕ್ಕೆ ೨೬ ಬೇಕು. ಎಕ್ಸ್‌ಟ್ರಾ ವರ್ಗಕ್ಕೆ ನಾಲ್ಕನೆಯ ಘಟಕದಲ್ಲಿ ೫೦ಕ್ಕೆ ೩೭ ಬೇಕು. ಆಯೋಗದ ಅಧಿಕಾರಿಗಳೇ ನಡೆಸುತ್ತಿದ್ದ ಪರೀಕ್ಷೆಗಳನ್ನು ೧೯೮೪ರಿಂದ ಸ್ವಯಂಸೇವಕ ಪರೀಕ್ಷಕರು ವಹಿಸಿಕೊಂಡಿದ್ದಾರೆ. ಒಂದು ಪರೀಕ್ಷೆಗೆ ಕನಿಷ್ಠ ಮೂವರು ಪರೀಕ್ಷಕರಿರಬೇಕು.

೨೦೧೪ರ ನಿಯಮ

ಈಗ ಲೈಸೆನ್ಸಿನ ಅವಧಿ ಹತ್ತು ವರ್ಷ. ಅವಧಿ ತೀರಿದ ಮೇಲೂ ಎರಡು ವರ್ಷಗಳ ವಾಯಿದೆಯುಂಟು, ಅಷ್ಟರೊಳಗೆ ನವೀಕರಿಸಿಕೊಳ್ಳಬಹುದು. ಆ ವಾಯಿದೆಯೂ ಕಳೆದರೆ ಲೈಸೆನ್ಸು ಸತ್ತಂತೆಯೇ. ಹಿಂದೆ ಅಂಥವನು ಮತ್ತೆ ಪ್ರೇಷಕವನ್ನು ನಡೆಸಬೇಕೆಂದರೆ ಸಾಮಾನ್ಯವಾಗಿ ಮೊದಲ ಮೆಟ್ಟಲಿನಿಂದ ಪರೀಕ್ಷೆಗಳನ್ನು ಹೊಸದಾಗಿ ಬರೆಯಬೇಕಾಗಿತ್ತು. ಲೈಸೆನ್ಸನ್ನು ತಪ್ಪದೆ ನವೀಕರಿಸುತ್ತ ಬಂದವನು, ಒಂದು ದಿನವೂ ಪ್ರೇಷಕವನ್ನು ಮುಟ್ಟದಿದ್ದರೂ, ಯಾವ ಪರೀಕ್ಷೆಯನ್ನೂ ಬರೆಯಬೇಕಾಗಿರಲಿಲ್ಲ. ಇದು ನ್ಯಾಯವೆ ಎಂಬ ಪ್ರಶ್ನೆಯು ಸಹಜವಾಗಿಯೇ ಎದ್ದಿತು.

೨೦೧೪ರ ಜುಲೈ ೨೧ರಿಂದ ಜಾರಿಗೆ ಬಂದ ನಿಯಮವು ಈ ತೊಡಕನ್ನು ಬಹುಮಟ್ಟಿಗೆ ಬಿಡಿಸಿತು. ಅದರ ತಾತ್ಪರ್ಯವಿಷ್ಟು: ಅವಧಿ ತೀರಿದ ಎಕ್ಸ್‌ಟ್ರಾ ಲೈಸೆನ್ಸಿದ್ದವನಿಗೆ ಮೂರನೆಯ ಮತ್ತು ನಾಲ್ಕನೆಯ ಘಟಕಗಳ ಮನ್ನಣೆಯು ದೊರೆಯುತ್ತದೆ. ಅಡ್ವಾನ್ಸ್ಡ್ ಅಥವಾ ಜನರಲ್ ವರ್ಗದಲ್ಲಿದ್ದವನಿಗೆ ಮೂರನೆಯ ಘಟಕದ ಮನ್ನಣೆಯು ಸಿಗುತ್ತದೆ. ೧೯೮೭ರ ಮಾರ್ಚಿ ೨೧ಕ್ಕೆ ಮುಂಚೆ ಟೆಕ್ನಿಷಿಯನ್ ಆಗಿದ್ದವನಿಗೂ ಮೂರನೆಯ ಘಟಕದ ಮನ್ನಣೆಯುಂಟು. ಆ ತಾರೀಖಿನ ಅರ್ಥವು ಈಗ ವಾಚಕರಿಗೆ ಸ್ಪಷ್ಟವಾಗಿರಬೇಕು. ನೊವಿಸ್ ವರ್ಗದವನಿಗೆ ಈ ಮನ್ನಣೆಯಿಲ್ಲ. ಅವನು ಮೂರನೆಯ ಘಟಕವನ್ನು ಬರೆದೇ ಇರಲಿಲ್ಲವಷ್ಟೆ.

ಎರಡನೆಯ ಘಟಕವನ್ನು ಮಾತ್ರ ಎಲ್ಲರೂ ಹೊಸದಾಗಿ ಬರೆಯಬೇಕು. ಅರ್ಧ ಶತಮಾನದಲ್ಲಿ ನಿಯಮಗಳು ಬದಲಾಗಿವೆ, ಯಂತ್ರಗಳು ಬದಲಾಗಿವೆ. ಕೊಳವೆಗಳ ಕಾಲದಲ್ಲಿ ಕಲಿತವನು ಇಂದಿನ ಸುರಕ್ಷತೆಯ ಕ್ರಮಗಳನ್ನಾದರೂ ತಿಳಿದಿದ್ದಾನೆಯೇ ಎಂದು ನೋಡುವುದು ಸರಿಯಾದುದೇ. ಆದರೂ ೩೫ ಪ್ರಶ್ನೆಗಳ ಒಂದು ಪರೀಕ್ಷೆಗೂ, ೧೨೦ ಪ್ರಶ್ನೆಗಳ ಮೂರು ಪರೀಕ್ಷೆಗಳಿಗೂ ಎಪ್ಪತ್ತೈದು ದಾಟಿದವರ ಪಾಲಿಗೆ ಬಹಳ ಅಂತರವುಂಟು.

ಆದರೆ ಈ ಮನ್ನಣೆಯು ಬಾಯಿಮಾತಿಗೆ ದೊರೆಯುವುದಿಲ್ಲ. ಲೈಸೆನ್ಸು ಇತ್ತೆಂಬುದನ್ನು ತೋರಿಸುವ ಹೊಣೆಯು ಕೇಳುವವನದೇ.

ದಾಖಲೆಗಳು ಎಲ್ಲಿವೆ?

ಹಳೆಯ ಲೈಸೆನ್ಸು ಪತ್ರವೋ ಅದರ ನಕಲೋ ಕೈಯಲ್ಲಿದ್ದರೆ ವಾದವೇ ಇಲ್ಲ. ಇಲ್ಲದಿದ್ದರೆ ಆಯೋಗದ ಕಡತವನ್ನೇ ನೋಡಬಾರದೇಕೆ ಎಂದು ಯಾರಾದರೂ ಕೇಳಬಹುದು. ಹವ್ಯಾಸಿ ಲೈಸೆನ್ಸುಗಳು ಆಯೋಗದ ಇಂದಿನ ಗಣಕ ವ್ಯವಸ್ಥೆಯೊಳಗೆ ಬಂದದ್ದು ೧೯೯೯ರಲ್ಲಿ. ೧೯೬೫ರಲ್ಲೋ ೧೯೭೨ರಲ್ಲೋ ಮುಗಿದುಹೋದ ಲೈಸೆನ್ಸನ್ನು ಅದರಲ್ಲಿ ಹುಡುಕಿ ಫಲವಿಲ್ಲ. ಸರ್ಕಾರದ ಕಾಗದವೂ ಚಿರಂತನವಲ್ಲ. ೧೯೭೩ರ ಜುಲೈನಲ್ಲಿ ಸೇಂಟ್ ಲೂಯಿಸ್ ನಗರದ ದಾಖಲೆಗಳ ಕೇಂದ್ರದಲ್ಲಿ ಬೆಂಕಿ ಬಿದ್ದಾಗ ಅಮೆರಿಕದ ಸೈನಿಕರ ೧ ಕೋಟಿ ೬೦ ಲಕ್ಷಕ್ಕೂ ಮೀರಿದ ಕಡತಗಳು ಭಸ್ಮವಾದುವು. ಒಂದೇ ಪ್ರತಿಯಾಗಿ ಒಂದೇ ಕಡೆ ಇರುವ ದಾಖಲೆಯು ಇಂಥ ಅಪಾಯಕ್ಕೆ ಎಂದೂ ಈಡಾಗಿರುತ್ತದೆ.

ಅದೃಷ್ಟವಶಾತ್ ಹವ್ಯಾಸಿಗಳ ಹೆಸರುಗಳು ಒಂದೇ ಪ್ರತಿಯಲ್ಲಿ ಉಳಿಯಲಿಲ್ಲ. ಪ್ರತಿಯೊಂದು ಹವ್ಯಾಸಿ ನಿಲಯಕ್ಕೂ ಒಂದು ‘ಕರೆಸಂಕೇತ’ವಿರುತ್ತದೆ. ಅಕ್ಷರಗಳೂ ಒಂದು ಅಂಕೆಯೂ ಸೇರಿದ ಈ ಸಂಕೇತವು ನಿಲಯದ ಹೆಸರಿದ್ದಂತೆ. ಕಿವಿಗೆ ಬಿದ್ದ ಸಂಕೇತವು ಯಾರದೆಂದು ತಿಳಿಯಲು, ಅವರಿಗೆ ಕಾಗದ ಬರೆಯಲು, ಒಂದು ಪಟ್ಟಿಯು ಬೇಕಾಯಿತು. ಅಮೆರಿಕದ ವಾಣಿಜ್ಯ ಇಲಾಖೆಯು ೧೯೨೦ರ ದಶಕದಲ್ಲಿ ಹವ್ಯಾಸಿ ನಿಲಯಗಳದೇ ಪ್ರತ್ಯೇಕ ಪುಸ್ತಕಗಳನ್ನು ಹೊರಡಿಸಿತು. ಅದೇ ದಶಕದಲ್ಲಿ ಖಾಸಗಿ ಪ್ರಕಾಶಕರ ‘ಕಾಲ್‌ಬುಕ್’ ಆರಂಭವಾಗಿ, ೧೯೯೦ರ ದಶಕದ ಕೊನೆಯ ಭಾಗದವರೆಗೂ ಅಚ್ಚಾಗುತ್ತ ಬಂದಿತು. ಶತಮಾನದ ನಡುಭಾಗದಲ್ಲಿ ವರ್ಷಕ್ಕೆ ನಾಲ್ಕು ಸಲ, ವಸಂತ, ಬೇಸಿಗೆ, ಶರತ್ತು ಮತ್ತು ಚಳಿಗಾಲದ ಸಂಚಿಕೆಗಳಾಗಿ ಅದು ಹೊರಬರುತ್ತಿತ್ತು. ಒಂದೊಂದು ಸಾಲಿನಲ್ಲಿಯೂ ಕರೆಸಂಕೇತ, ಹೆಸರು, ಬೀದಿ, ಊರು. ಕೆಲವು ಕಾಲದ ಸಂಪುಟಗಳಲ್ಲಿ ವರ್ಗವನ್ನು ಸೂಚಿಸುವ ಅಕ್ಷರವೂ ಉಂಟು.

ಈ ಪುಸ್ತಕವನ್ನು ಅಚ್ಚುಹಾಕಿದವರು ಮುಂದೊಂದು ಕಾಲಕ್ಕೆ ಸಾಕ್ಷಿ ಹೇಳಬೇಕೆಂದು ಅದನ್ನು ಅಚ್ಚುಹಾಕಲಿಲ್ಲ. ವಿಳಾಸ ತಿಳಿಯಲೆಂದು ಅಚ್ಚುಹಾಕಿದರು. ಆದುದರಿಂದಲೇ ಅದರ ಸಾಕ್ಷ್ಯಕ್ಕೆ ಬೆಲೆ ಹೆಚ್ಚು. ಯಾರ ಪಕ್ಷವನ್ನೂ ವಹಿಸಲು ಅದಕ್ಕೆ ಕಾರಣವಿರಲಿಲ್ಲ. ಹಳೆಯ ಸಂಪುಟಗಳನ್ನು ಜೋಪಾನವಾಗಿ ಇಟ್ಟುಕೊಂಡ ಹವ್ಯಾಸಿಗಳೂ ಗ್ರಂಥಾಲಯಗಳೂ ಇದ್ದುದರಿಂದ ಅವು ಉಳಿದುವು. ಈಗ ಅವುಗಳಲ್ಲಿ ಹಲವನ್ನು ಪುಟಪುಟವಾಗಿ ಚಿತ್ರ ತೆಗೆದು ಇಂಟರ್‌ನೆಟ್ ಆರ್ಕೈವ್ ಎಂಬ ಸಾರ್ವಜನಿಕ ಭಂಡಾರದಲ್ಲಿ ಯಾರು ಬೇಕಾದರೂ ನೋಡುವಂತೆ ಇಟ್ಟಿದ್ದಾರೆ. ಕಾಲ್‌ಬುಕ್ಕಿನ ಪುಟದ ನಕಲನ್ನು, ಸಂಪುಟದ ಕಾಲವನ್ನು ತೋರಿಸುವ ಮುಖಪುಟದೊಡನೆ, ಪರೀಕ್ಷಕರ ಮುಂದಿಡುವುದು ಈಗ ರೂಢಿಯ ಮಾರ್ಗವಾಗಿದೆ.

ಒಂದು ಉದಾಹರಣೆ

ಹುಡುಕುವ ಕ್ರಮವನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯೋಣ. ಒಹಾಯೊ ಸಂಸ್ಥಾನದ ಒಬ್ಬ ಬಾಲಕನು ೧೯೫೯ರಲ್ಲಿ ನೊವಿಸ್ ಲೈಸೆನ್ಸನ್ನು ಪಡೆದು, ೧೯೬೦ರಲ್ಲಿ ಮೇಲಿನ ಪರೀಕ್ಷೆಯಲ್ಲಿ ತೇರ್ಗಡೆಯಾದನೆನ್ನಿ. ಆಮೇಲೆ ಕಾಲೇಜು, ಉದ್ಯೋಗ, ಸಂಸಾರ. ಲೈಸೆನ್ಸಿನ ಅವಧಿ ಎಂದೋ ತೀರಿತು. ಈಗ ಆತನಿಗೆ ಎಂಬತ್ತು ಸಮೀಪಿಸಿದೆ. ಪತ್ರವು ಕಳೆದಿದೆ. ಕರೆಸಂಕೇತವು ಅರೆಬರೆ ನೆನಪಿದೆ.

ಮೊದಲ ತೊಡಕು ಇಲ್ಲಿಯೇ ಇದೆ. ಕಾಲ್‌ಬುಕ್ಕಿನಲ್ಲಿ ಸಾಲುಗಳು ಹೆಸರಿನ ಅಕಾರಾದಿಯಲ್ಲಿಲ್ಲ, ಕರೆಸಂಕೇತದ ಕ್ರಮದಲ್ಲಿವೆ. ೧೯೬೦ರ ದಶಕದಲ್ಲಿ ಅಮೆರಿಕದ ಹವ್ಯಾಸಿಗಳ ಸಂಖ್ಯೆ ಎರಡು ಲಕ್ಷವನ್ನು ಮೀರಿತ್ತು. ಕಣ್ಣಿನಿಂದ ಒಂದೊಂದೇ ಹೆಸರನ್ನು ನೋಡುತ್ತ ಹೋದರೆ ದಿನಗಳೇ ಕಳೆಯುತ್ತವೆ. ಆದರೆ ಕರೆಸಂಕೇತದ ಅಂಕೆಯು ಇಲ್ಲಿ ನೆರವಾಗುತ್ತದೆ. ಅಮೆರಿಕವನ್ನು ಹತ್ತು ಕರೆವಲಯಗಳಾಗಿ ವಿಭಾಗಿಸಿದೆ. ಒಹಾಯೊ, ಮಿಷಿಗನ್ ಮತ್ತು ಪಶ್ಚಿಮ ವರ್ಜೀನಿಯ ಸೇರಿ ಎಂಟನೆಯ ವಲಯ. ಆ ಕಾಲದಲ್ಲಿ ಒಹಾಯೊದ ಬಾಲಕನ ಸಂಕೇತದಲ್ಲಿ ೮ ಎಂಬ ಅಂಕೆಯು ಇದ್ದೇ ಇರಬೇಕು. ಹುಡುಕುವ ಕ್ಷೇತ್ರವು ಒಂದೇ ಏಟಿಗೆ ಕಿರಿದಾಯಿತು. ಭಂಡಾರದ ಗಣಕಯಂತ್ರವು ಪುಟದ ಅಕ್ಷರಗಳನ್ನು ಓದಿ ಹೆಸರಿನಿಂದ ಹುಡುಕಲೂ ಸಹಾಯ ಮಾಡುತ್ತದೆ. ಆದರೆ ಹಳೆಯ ಸಣ್ಣ ಅಚ್ಚನ್ನು ಓದುವಾಗ ಅದು ೮ನ್ನು ‘ಬಿ’ ಎಂದೂ, ಸೊನ್ನೆಯನ್ನು ‘ಓ’ ಎಂದೂ ತಪ್ಪಾಗಿ ಗ್ರಹಿಸುವುದುಂಟು. ಯಂತ್ರವು ಹೆಸರನ್ನು ಕಾಣಲಿಲ್ಲವೆಂದರೆ ಹೆಸರೇ ಇಲ್ಲವೆಂದು ಅರ್ಥವಲ್ಲ. ಕಣ್ಣಿನಿಂದ ನೋಡಿಯೇ ನಿರ್ಧರಿಸಬೇಕು.

೧೯೫೯ರ ಒಂದು ಸಂಚಿಕೆಯಲ್ಲಿ ಆತನ ಹೆಸರು ‘ಕೆ ಎನ್ ೮’ ಎಂದು ಮೊದಲಾಗುವ ಸಂಕೇತದೊಡನೆ ದೊರೆಯಿತೆನ್ನಿ. ೧೯೬೦ರ ಕೊನೆಯ ಸಂಚಿಕೆಯಲ್ಲಿ ಅದೇ ಹೆಸರು, ಅದೇ ಬೀದಿ, ಅದೇ ಕೊನೆಯ ಮೂರಕ್ಷರಗಳು. ಆದರೆ ಮೊದಲಿನಲ್ಲಿ ‘ಎನ್’ ಹೋಗಿ ‘ಕೆ ೮’ ಮಾತ್ರ ಉಳಿದಿದೆ. ಇದೇನು ಹೇಳುತ್ತದೆ? ಆ ಕಾಲದಲ್ಲಿ ಎಂಟನೆಯ ವಲಯದ ನೊವಿಸ್ ಲೈಸೆನ್ಸಿನವರ ಸಂಕೇತದ ಎರಡನೆಯ ಅಕ್ಷರವಾಗಿ ‘ಎನ್’ ಇರುತ್ತಿತ್ತು. ಮೇಲಿನ ವರ್ಗಕ್ಕೆ ಏರಿದಾಗ ಅದು ಬಿಟ್ಟುಹೋಗುತ್ತಿತ್ತು. ಆದುದರಿಂದ ಆತನು ನೊವಿಸ್ ವರ್ಗವನ್ನು ದಾಟಿದ್ದನು.

ದಾಟಿ ಯಾವ ವರ್ಗಕ್ಕೆ ಹೋದನು? ಸಂಪುಟದಲ್ಲಿ ವರ್ಗದ ಅಕ್ಷರವಿಲ್ಲವೆಂದುಕೊಳ್ಳೋಣ. ಆತನು ಟೆಕ್ನಿಷಿಯನ್ ಆಗಿದ್ದಿರಬಹುದು, ಕಂಡಿಷನಲ್ ಆಗಿದ್ದಿರಬಹುದು, ಜನರಲ್ ಆಗಿದ್ದಿರಬಹುದು. ಯಾವುದೆಂದು ಆ ಸಾಲಿನಿಂದ ತಿಳಿಯದು. ಆದರೆ ಹಿಂದೆ ನಾವು ಹೇಳಿದ ಮಾತನ್ನು ವಾಚಕರು ಜ್ಞಾಪಿಸಿಕೊಳ್ಳಲಿ: ೧೯೮೭ಕ್ಕೆ ಮುಂಚೆ ಈ ಮೂರು ವರ್ಗಗಳ ಲಿಖಿತ ಪರೀಕ್ಷೆಯೂ ಮೂರನೆಯ ಘಟಕವೇ. ಮೂರರಲ್ಲಿ ಯಾವುದಾಗಿದ್ದರೂ ಆತನು ಆ ಘಟಕದಲ್ಲಿ ತೇರ್ಗಡೆಯಾಗಿದ್ದುದು ನಿಶ್ಚಯ. ನಮಗೆ ತಿಳಿಯದ ಅಂಶವೊಂದು ಉಳಿಯಿತು. ಆದರೆ ನಮಗೆ ಬೇಕಾದ ತೀರ್ಮಾನಕ್ಕೆ ಅದು ಅಡ್ಡಿಯಾಗಲಿಲ್ಲ. ಬೀಜಗಣಿತದಲ್ಲಿ ಅವ್ಯಕ್ತ ರಾಶಿಯು ಎರಡು ಪಕ್ಕದಲ್ಲಿಯೂ ಸಮನಾಗಿದ್ದು ಹೊಡೆದುಹೋಗುವುದಿಲ್ಲವೆ? ಇದೂ ಹಾಗೆಯೇ. ಇದೇ ತರ್ಕವನ್ನು ಎಲ್ಲ ಕಾಲಕ್ಕೂ ಅನ್ವಯಿಸುವಂತಿಲ್ಲವೆಂಬುದೂ ನೆನಪಿರಲಿ. ನೊವಿಸ್‌ಗೆ ಬೇರೆ ಗುರುತನ್ನು ಕೊಡುವ ಪದ್ಧತಿಯು ೧೯೭೦ರ ದಶಕದಲ್ಲಿ ನಿಂತುಹೋಯಿತು. ಆಮೇಲಿನ ಸಂಪುಟಗಳಲ್ಲಿ ವರ್ಗದ ಅಕ್ಷರವನ್ನು ನೋಡದೆ ಏನನ್ನೂ ಹೇಳಲಾಗದು.

ಹೆಸರು ಒಂದೇ, ವ್ಯಕ್ತಿಯೂ ಒಬ್ಬನೇ?

ಇನ್ನೊಂದು ಪ್ರಶ್ನೆಯು ಉಳಿದಿದೆ. ೧೯೬೦ರ ಪುಟದಲ್ಲಿರುವ ಹೆಸರೂ ಇಂದು ಎದುರಿಗೆ ನಿಂತಿರುವ ವೃದ್ಧರೂ ಒಂದೇ ಎಂದು ಹೇಗೆ ನಂಬುವುದು? ಒಂದೇ ಹೆಸರಿನವರು ಊರಿಗೆ ಹಲವರಿರಬಹುದು. ತಂದೆಗೂ ಮಗನಿಗೂ ಒಂದೇ ಹೆಸರನ್ನಿಡುವ ವಾಡಿಕೆಯು ಅಮೆರಿಕದಲ್ಲಿ ಅಪರೂಪವಲ್ಲ.

ಇಲ್ಲಿ ವಿಳಾಸವು ನೆರವಿಗೆ ಬರುತ್ತದೆ. ಪುಟದಲ್ಲಿರುವ ಬೀದಿಯಲ್ಲಿಯೇ ತನ್ನ ತಂದೆತಾಯಿಗಳು ವಾಸವಾಗಿದ್ದರೆಂದು ತೋರಿಸಿದರೆ ಕೊಂಡಿಯು ಬಲವಾಗುತ್ತದೆ. ಅಮೆರಿಕದ ಜನಗಣತಿಯ ಮೂಲಪತ್ರಗಳನ್ನು ೭೨ ವರ್ಷಗಳ ಮೇಲೆ ಸಾರ್ವಜನಿಕರಿಗೆ ತೆರೆಯುವ ಕ್ರಮವುಂಟು. ೧೯೫೦ರ ಗಣತಿಯ ಪತ್ರಗಳು ೨೦೨೨ರ ಏಪ್ರಿಲ್ ೧ರಂದು ಹೊರಬಂದುವು. ಅವುಗಳಲ್ಲಿ ಮನೆಮನೆಯ ಜನರ ಹೆಸರೂ ವಯಸ್ಸೂ ಇವೆ. ಹತ್ತು ವರ್ಷದೊಳಗಿನ ಆ ಬಾಲಕನು ಅದೇ ಮನೆಯಲ್ಲಿ ಕಂಡುಬಂದರೆ, ಪರಸ್ಪರ ಸಂಬಂಧವಿಲ್ಲದ ಎರಡು ದಾಖಲೆಗಳು ಒಂದೇ ಮಾತನ್ನು ನುಡಿದಂತಾಯಿತು. ಶಾಲೆಯ ವಾರ್ಷಿಕ ಸಂಚಿಕೆ, ಊರಿನ ಹಳೆಯ ವೃತ್ತಪತ್ರಿಕೆ, ಇವೂ ಹೀಗೆಯೇ ಸಹಾಯಕ್ಕೆ ಬರುತ್ತವೆ. ವಿವಾಹದಿಂದ ಹೆಸರು ಬದಲಾದ ಮಹಿಳೆಯು ವಿವಾಹದ ದಾಖಲೆಯನ್ನೂ ಜೊತೆಗಿಡಬೇಕಾಗುತ್ತದೆ.

ಕರೆಸಂಕೇತವೊಂದನ್ನೇ ನೆಚ್ಚುವುದು ಮಾತ್ರ ಅಪಾಯ. ಲೈಸೆನ್ಸಿನ ಅವಧಿ ತೀರಿ ಎರಡು ವರ್ಷಗಳಾದ ಮೇಲೆ ಅದೇ ಸಂಕೇತವನ್ನು ಬೇರೊಬ್ಬರಿಗೆ ಕೊಡಬಹುದು. ೧೯೬೦ರಲ್ಲಿ ಒಬ್ಬರದಾಗಿದ್ದ ಸಂಕೇತವು ಇಂದು ಮತ್ತೊಬ್ಬರ ಮನೆಯಿಂದ ಕೇಳಿಬರುತ್ತಿದ್ದರೆ ಆಶ್ಚರ್ಯವಿಲ್ಲ. ಅಂಥ ಸಂದರ್ಭದಲ್ಲಿ ಹಳೆಯವನು ಪರೀಕ್ಷೆಯ ಮನ್ನಣೆಯನ್ನು ಪಡೆಯಬಹುದೇ ಹೊರತು ತನ್ನ ಹಳೆಯ ಸಂಕೇತವನ್ನಲ್ಲ.

ಹವ್ಯಾಸಿಗಳು ಸಂಪರ್ಕವಾದ ಗುರುತಿಗೆ ಪರಸ್ಪರ ಕಳುಹಿಸುವ ‘ಕ್ಯೂಎಸ್‌ಎಲ್’ ಕಾರ್ಡುಗಳು ಎಷ್ಟೋ ಮನೆಗಳ ಪೆಟ್ಟಿಗೆಗಳಲ್ಲಿ ಉಳಿದಿವೆ. ಬಣ್ಣಬಣ್ಣದ ಈ ಕಾರ್ಡಿನ ಮೇಲೆ ಸಂಕೇತವೂ ಹೆಸರೂ ತಾರೀಖೂ ಇರುತ್ತವೆ. ಆದರೆ ಅದನ್ನು ಅಚ್ಚುಹಾಕಿಸಿದವನು ಲೈಸೆನ್ಸಿನ ಒಡೆಯನೇ, ಲೈಸೆನ್ಸನ್ನು ಕೊಟ್ಟವರಲ್ಲ. ತನ್ನ ವಿಷಯದಲ್ಲಿ ತಾನೇ ಹೇಳಿಕೊಂಡದ್ದಕ್ಕೆ ಸ್ವತಂತ್ರ ಸಾಕ್ಷ್ಯದ ಬಲವಿಲ್ಲ. ಅದನ್ನು ಸುಳಿವಾಗಿ ಬಳಸಬೇಕು. ಮರೆತುಹೋದ ಸಂಕೇತವನ್ನು ಅದು ನೆನಪಿಗೆ ತಂದರೆ, ಕಾಲ್‌ಬುಕ್ಕಿನ ಯಾವ ಪುಟವನ್ನು ತೆರೆಯಬೇಕೆಂದು ತಿಳಿಯುತ್ತದೆ. ಸುಳಿವು ದಾರಿಯನ್ನು ತೋರಿಸುತ್ತದೆ. ಸಾಕ್ಷ್ಯವು ಊರನ್ನು ಮುಟ್ಟಿಸುತ್ತದೆ.

ಹಾಗೆಯೇ, ಒಂದು ಸಂಚಿಕೆಯಲ್ಲಿ ಹೆಸರು ಕಾಣದಿದ್ದರೆ ಲೈಸೆನ್ಸೇ ಇರಲಿಲ್ಲವೆಂದು ತೀರ್ಮಾನಿಸುವುದೂ ತಪ್ಪು. ಲೈಸೆನ್ಸು ಕೊಟ್ಟ ದಿನಕ್ಕೂ ಪುಸ್ತಕವು ಅಚ್ಚಾಗುವ ದಿನಕ್ಕೂ ಅಂತರವಿರುತ್ತದೆ. ಮುಂದಿನ ಸಂಚಿಕೆಯನ್ನೂ, ಅದರ ಮುಂದಿನದನ್ನೂ ನೋಡಬೇಕು. ಕಂಡದ್ದು ಸಾಕ್ಷ್ಯವಾಗಬಹುದು, ಕಾಣದಿರುವುದು ಅಷ್ಟು ಸುಲಭವಾಗಿ ಸಾಕ್ಷ್ಯವಾಗದು.

ನಮಗೇನು ಪಾಠ?

ಈ ಮನ್ನಣೆಯ ನಿಯಮವು ಅಮೆರಿಕದ್ದು. ಭಾರತದಲ್ಲಿ ಹವ್ಯಾಸಿ ಲೈಸೆನ್ಸನ್ನು ಕೇಂದ್ರ ಸರ್ಕಾರವು ಅದರ ಸ್ವಂತ ನಿಯಮಗಳಂತೆ ಕೊಡುತ್ತದೆ; ಇಲ್ಲಿಯ ಹವ್ಯಾಸಿಗಳ ಸಂಕೇತವು ‘ವಿ ಯು’ ಎಂದು ಮೊದಲಾಗುತ್ತದೆ. ಆದರೂ ಅಮೆರಿಕದ ಆ ಕಾಲ್‌ಬುಕ್ಕಿನ ವಿದೇಶೀ ವಿಭಾಗದಲ್ಲಿ ಭಾರತದ ನಿಲಯಗಳೂ ಅಚ್ಚಾಗುತ್ತಿದ್ದುವು. ನಮ್ಮ ಹಿರಿಯರಲ್ಲಿ ಯಾರಾದರೂ ಹವ್ಯಾಸಿಗಳಾಗಿದ್ದರೆ ಅವರ ಹೆಸರನ್ನು ಅಲ್ಲಿ ಹುಡುಕಿ ನೋಡುವುದು ವಿದ್ಯಾರ್ಥಿಗಳಿಗೆ ಒಳ್ಳೆಯ ಅಭ್ಯಾಸವಾದೀತು.

ಹುಡುಕುವಾಗ ಈ ಕ್ರಮವನ್ನು ಅನುಸರಿಸಿ. ಮೊದಲು ನೆನಪಿನಲ್ಲಿರುವುದನ್ನು ಬರೆದಿಡಿ. ಆದರೆ ಅದನ್ನು ನೆನಪೆಂದೇ ಗುರುತಿಸಿ. ಆಮೇಲೆ ಯಾವ ಪ್ರಶ್ನೆಗೆ ಉತ್ತರ ಬೇಕೆಂಬುದನ್ನು ಖಚಿತಪಡಿಸಿಕೊಳ್ಳಿ. ಮೇಲಿನ ಉದಾಹರಣೆಯಲ್ಲಿ ಪ್ರಶ್ನೆಯು ‘ಯಾವ ವರ್ಗ?’ ಎಂಬುದಲ್ಲ, ‘ಯಾವ ಪರೀಕ್ಷೆ?’ ಎಂಬುದು. ಇದನ್ನು ತಿಳಿಯದವನು ವರ್ಗವನ್ನು ಹುಡುಕುತ್ತ ವರ್ಷವನ್ನೇ ಕಳೆದಾನು. ಬಳಿಕ ಸಂಬಂಧವಿಲ್ಲದ ಎರಡು ಮೂಲಗಳನ್ನಾದರೂ ಹೋಲಿಸಿರಿ. ಕೊನೆಗೆ, ದೊರೆತ ಪುಟವನ್ನು ಅದರ ಕಾಲವನ್ನು ತೋರಿಸುವ ಮುಖಪುಟದೊಡನೆ ನಕಲುಮಾಡಿ ಇಡಿ. ಕಾಲವಿಲ್ಲದ ದಾಖಲೆಯು ತಾರೀಖಿಲ್ಲದ ಕಾಗದದಂತೆ ಅರ್ಧ ಮೂಕ.

ಆಯೋಗವು ೨೦೧೫ರ ಫೆಬ್ರವರಿಯಿಂದ ಲೈಸೆನ್ಸನ್ನು ಕಾಗದದಲ್ಲಿ ತಾನಾಗಿ ಕಳುಹಿಸುವುದನ್ನು ನಿಲ್ಲಿಸಿದೆ. ದಾಖಲೆಯು ಗಣಕದಲ್ಲಿರುತ್ತದೆ, ಬೇಕಾದವರು ಅಲ್ಲಿಂದ ತೆಗೆದುಕೊಳ್ಳಬೇಕು. ನಮ್ಮ ಶಾಲಾಕಾಲೇಜುಗಳ ಪ್ರಮಾಣಪತ್ರಗಳೂ ಈಗ ಅದೇ ಹಾದಿಯನ್ನು ಹಿಡಿದಿವೆ. ಇಂದು ನಿರುಪಯೋಗಿಯೆಂದು ತೋರುವ ಪತ್ರವು ಐವತ್ತು ವರ್ಷಗಳ ಮೇಲೆ ಯಾವ ಬಾಗಿಲನ್ನು ತೆರೆದೀತೆಂದು ಹೇಳಬಲ್ಲವರಾರು? ಆದುದರಿಂದ ವಿದ್ಯಾರ್ಥಿಗಳು ತಮ್ಮ ಪ್ರತಿಯೊಂದು ಪ್ರಮಾಣಪತ್ರದ ಎರಡು ಪ್ರತಿಗಳನ್ನಾದರೂ ಎರಡು ಬೇರೆ ಕಡೆಗಳಲ್ಲಿ ಇಡುವುದು ಲೇಸು. ಹಳೆಯ ಪಟ್ಟಿಗಳನ್ನು ಎಸೆಯದೆ ಇಟ್ಟುಕೊಂಡ ಹೆಸರಿಲ್ಲದ ಕೆಲವರ ಜೋಪಾನದಿಂದಲೇ ಇಂದು ಎಷ್ಟೋ ಮಂದಿ ವೃದ್ಧರು ತಮ್ಮ ಪ್ರೇಷಕದ ಮುಂದೆ ಮತ್ತೆ ಕುಳಿತುಕೊಳ್ಳುವ ಅವಕಾಶವನ್ನು ಪಡೆದಿದ್ದಾರೆ.